ಕುಂಬಳೆಯಲ್ಲಿ ಉಪ್ಪುನೀರಿನ ಟ್ಯಾಂಕ್: ಮೊದಲ ಹವಳ ಬರುವವರೆಗೆ

ಈಗ ಟ್ಯಾಂಕಿನಲ್ಲಿ ಇರುವುದು ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸಿಗಡಿ, ಕೆಲವು ಬಸವನಹುಳು, ಮತ್ತೆ ಕಲ್ಲಿನ ಒಂದು ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಮಶ್ರೂಮ್ ಹವಳ. ಇಷ್ಟೇ. ಮನೆಗೆ ಬಂದವರು "ಇಷ್ಟಕ್ಕೆ ಅಷ್ಟು ಖರ್ಚಾ?" ಅಂತಲೇ ಕೇಳುತ್ತಾರೆ. ಹೌದು, ಇಷ್ಟಕ್ಕೇ. ಕಳೆದ ದೀಪಾವಳಿಗೆ ಶುರು ಮಾಡಿದ ಕೆಲಸ, ಈ ದೀಪಾವಳಿಗೆ ಒಂದು ಹಂತಕ್ಕೆ ಬಂತು.

ಶುರು ಮಾಡುವಾಗ ನನಗೆ ಓದಲು ಸಿಕ್ಕಿದ್ದೆಲ್ಲ ಚಳಿ ದೇಶದವರು ಬರೆದದ್ದು. ಅದರಲ್ಲಿ ಹೀಟರ್ ಬಗ್ಗೆ ಪುಟಗಟ್ಟಲೆ ಇರುತ್ತದೆ, ಚಿಲ್ಲರ್ ಬಗ್ಗೆ ಎರಡು ಸಾಲು. ನಮಗೆ ಬೇಕಾದ್ದು ಅದರ ಉಲ್ಟಾ. ಕರೆಂಟು ಹೋದರೆ ಏನು, ಮಳೆಗಾಲದಲ್ಲಿ ಮೀನು ತರಿಸುವುದು ಹೇಗೆ, ನಮ್ಮ ದೇಶದಲ್ಲಿ ಹವಳ ಇಡಬಹುದಾ, ಇದ್ಯಾವುದಕ್ಕೂ ಅಲ್ಲಿ ಉತ್ತರ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಸರಗೋಡು, ಮಂಗಳೂರು, ಉಡುಪಿ ಕಡೆಯವರಿಗೆ ಜಾಸ್ತಿ ಉಪಯೋಗ ಆಗಬಹುದು.

ಮೊದಲು ಎಲ್ಲರೂ ಕೇಳುವ ಪ್ರಶ್ನೆ. ಸಮುದ್ರ ಪಕ್ಕದಲ್ಲೇ ಉಂಟಲ್ಲ, ನೀರು ಅಲ್ಲಿಂದ ತಂದರೆ ಆಗುವುದಿಲ್ವಾ? ನಮ್ಮ ಮನೆಗೆ ಗಾಳಿ ಜೋರಾದ ರಾತ್ರಿ ಅಲೆಯ ಸದ್ದು ಕೇಳುತ್ತದೆ. ಉಪ್ಪಿನ ಬಕೆಟ್ ತರಿಸುತ್ತೇನೆ ಅಂದಾಗ ಅತ್ತೆ ನಕ್ಕರು. "ಕಡಲಿನ ಬುಡದಲ್ಲಿ ಕೂತು ಉಪ್ಪುನೀರಿಗೆ ದುಡ್ಡು ಕೊಡುವವಳು ನೀನೊಬ್ಬಳೇ ಮಾರಾಯ್ತಿ."

ಪಕ್ಕದ ಮನೆಯ ಅಣ್ಣನಿಗೆ ದೋಣಿ ಇದೆ. ಅವರನ್ನು ಕೇಳಿದೆ. "ದಡದ ನೀರು ಬೇಡ ಅಕ್ಕ, ಶಿರಿಯ ಹೊಳೆಯ ನೀರು ಬಂದು ಸೇರ್ತದೆ. ಒಳಗೆ ಹೋದಾಗ ನಾನೇ ಕ್ಯಾನಿನಲ್ಲಿ ತಂದು ಕೊಡ್ತೇನೆ" ಅಂದರು. ಡಿಸೆಂಬರಿನಲ್ಲಿ ತಂದೂ ಕೊಟ್ಟರು. ಅಳೆದು ನೋಡಿದರೆ ಉಪ್ಪಿನ ಪ್ರಮಾಣ ಚೆನ್ನಾಗಿಯೇ ಇತ್ತು. ಆದರೆ ಈ ಟ್ಯಾಂಕಿಗೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನೀರಿನ ಒಂದು ಭಾಗ ಬದಲಿಸುತ್ತಲೇ ಇರಬೇಕು, ವರ್ಷವಿಡೀ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ 52 ದಿನ ಟ್ರಾಲಿಂಗ್ ನಿಷೇಧ. ಸಣ್ಣ ದೋಣಿಗೆ ನಿಷೇಧ ಇಲ್ಲ, ಆದರೆ ಆಗ ಕಡಲು ಬಿಡಬೇಕಲ್ಲ. ದಡದ ನೀರಂತೂ ಮಳೆಗಾಲದಲ್ಲಿ ಕೆಂಪು ಮಣ್ಣು ಕಲಸಿದ ಬಣ್ಣ. ಜೂನ್ ಕೊನೆಗೆ ಕುತೂಹಲಕ್ಕೆ ಒಂದು ಬಾಟಲಿ ತಂದು ನೋಡಿದೆ, ಉಪ್ಪು ಇರಬೇಕಾದ್ದರ ಅರ್ಧಕ್ಕೂ ಕಡಿಮೆ. ಹಾಗಾಗಿ ಉಪ್ಪಿನ ಬಕೆಟ್ಟೇ ಸರಿ. ಬೇಸಿಗೆಯಲ್ಲಿ ನಂಬಿಕೆಯ ದೋಣಿ ಸಿಕ್ಕಿದರೆ ಕಡಲ ನೀರೂ ಆಗುತ್ತದೆ, ಸೋಸಿ ಕೆಲವು ದಿನ ಕತ್ತಲಲ್ಲಿ ಇಟ್ಟು ಬಳಸುವವರಿದ್ದಾರೆ. ನನಗೆ ಆರು ತಿಂಗಳು ಒಂದು ನೀರು, ಆರು ತಿಂಗಳು ಇನ್ನೊಂದು ನೀರು ಅನ್ನುವುದು ಇಷ್ಟ ಆಗಲಿಲ್ಲ.

ಟ್ಯಾಂಕ್ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 190 ಲೀಟರ್. ಹೊಸಬರಿಗೆ ಸಣ್ಣದು ಸುಲಭ ಅಂತ ಅನಿಸುತ್ತದೆ, ಆದರೆ ನೀರು ಕಡಿಮೆ ಆದಷ್ಟು ಉಪ್ಪು, ಬಿಸಿ ಎಲ್ಲ ಬೇಗ ಏರಿಳಿಯುತ್ತದೆ. ಗ್ಲಾಸು, ಕಲ್ಲು, ಮರಳು, ಕೆಳಗಿನ ಸಂಪ್ (ಪಂಪು, ಫಿಲ್ಟರ್ ಇಡುವ ಎರಡನೇ ಟ್ಯಾಂಕ್) ಎಲ್ಲ ಸೇರಿ 300 ಕಿಲೋ ದಾಟುತ್ತದೆ. ನಮ್ಮದು ಕಾವಿ ನೆಲದ ಹಳೇ ಮನೆ. ಮೇಸ್ತ್ರಿಯನ್ನು ಕರೆಸಿ ನೆಲ ತಟ್ಟಿ ನೋಡಿಸಿ, ಹೊರಗಿನ ಗೋಡೆಗೆ ತಾಗಿ ಜಾಗ ಮಾಡಿದೆವು. ಸ್ಟ್ಯಾಂಡ್ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಸಾದಾ ಪೇಂಟ್ ಬೇಡ, ಎಪಾಕ್ಸಿ ಕೊಡಿಸಿ. ಉಪ್ಪುನೀರಿನ ಹನಿ ಎಲ್ಲಿ ಬಿದ್ದರೂ ಒಣಗಿ ಬಿಳಿ ಪುಡಿಯಾಗಿ ತೆವಳುತ್ತಾ ಹೋಗುತ್ತದೆ, ಸ್ಕ್ರೂ, ಕೀಲು, ಪ್ಲಗ್ಗು ಯಾವುದನ್ನೂ ಬಿಡುವುದಿಲ್ಲ.

ಇನ್ನು ಸಿಹಿನೀರು. ನಮ್ಮ ಮುರಕಲ್ಲಿನ ಬಾವಿ, ನೀರು ಕುಡಿಯಲು ಸಕ್ಕರೆ. ನೀರಿನಲ್ಲಿ ಕರಗಿರುವುದು ಎಷ್ಟು ಅಂತ ಅಳೆಯುವ ಟಿಡಿಎಸ್ ಮೀಟರ್ ಕೂಡ ಕಡಿಮೆಯೇ ತೋರಿಸಿತು. ನಮ್ಮವರು "ಇದಕ್ಕೆ ಇನ್ನು ಫಿಲ್ಟರ್ ಬೇರೆ ಯಾಕೆ" ಅಂದರು. ಆದರೆ ಬಾವಿಯ ಸುತ್ತ ಅಡಿಕೆ ತೋಟ. ಮಳೆಗಾಲ ಬಂತೆಂದರೆ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. ಬೋರ್ಡೋ ಮದ್ದು ಅಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಅಂದರೆ ತಾಮ್ರ. ತಾಮ್ರ ನಮಗೆ ಗೊತ್ತೇ ಆಗದಷ್ಟು ಸಣ್ಣ ಪ್ರಮಾಣದಲ್ಲಿದ್ದರೂ ಸಿಗಡಿ, ಬಸವನಹುಳು, ಹವಳ ಇವಕ್ಕೆ ವಿಷ. ಅದು ಬಾವಿಗೆ ಬರುತ್ತದೋ ಇಲ್ಲವೋ ಅಂತ ಸಿಗಡಿ ಬಿಟ್ಟು ನೋಡುವುದಕ್ಕಾಗುತ್ತದಾ? ಆರ್‌ಓ ಜೊತೆಗೆ ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಫಿಲ್ಟರ್ ಹಾಕಿಸಿದೆ. ಕೊನೆಗೆ ಟಿಡಿಎಸ್ ಸೊನ್ನೆ ಬರಬೇಕು. ಅಡಿಗೆ ಮನೆಯ ಕುಡಿಯುವ ನೀರಿನ ಆರ್‌ಓ ಇದಕ್ಕೆ ಸಾಲದು, ಅದರಲ್ಲಿ ಡಿಐ ಇರುವುದಿಲ್ಲ, ಕೆಲವದರಲ್ಲಿ ರುಚಿಗೆ ಖನಿಜ ಬೇರೆ ಸೇರಿಸುತ್ತಾರೆ. ಒಂದು ಲೀಟರ್ ಒಳ್ಳೆ ನೀರಿಗೆ ಮೂರು ನಾಲ್ಕು ಲೀಟರ್ ಹೊರಗೆ ಹೋಗುತ್ತದೆ. ಅದನ್ನು ಪೈಪಿನಲ್ಲಿ ಮಲ್ಲಿಗೆ ಗಿಡಗಳಿಗೆ ಬಿಟ್ಟಿದ್ದೇವೆ. ಅತ್ತೆಗೆ ಇಡೀ ಯೋಜನೆಯಲ್ಲಿ ಇಷ್ಟ ಆದದ್ದು ಅದೊಂದೇ.

ಉಪ್ಪು ಕಲಸುವುದು ಕಷ್ಟ ಅಲ್ಲ. 200 ಲೀಟರಿನ ನೀಲಿ ಡ್ರಮ್ಮು, ಒಳಗೊಂದು ಪಂಪು. ನೀರಿಗೆ ಉಪ್ಪು ಸ್ವಲ್ಪ ಸ್ವಲ್ಪ ಹಾಕಬೇಕು. ಉಪ್ಪಿನ ಮೇಲೆ ನೀರು ಸುರಿಯಬಾರದು, ಕ್ಯಾಲ್ಸಿಯಂ ಗಟ್ಟಿಯಾಗಿ ಹಾಲಿನ ಬಣ್ಣಕ್ಕೆ ಬಂದು ತಳಕ್ಕೆ ಕೂರುತ್ತದೆ. ಲೀಟರಿಗೆ ಅಂದಾಜು 35ರಿಂದ 38 ಗ್ರಾಂ. ಅಂದರೆ ನನ್ನ ಟ್ಯಾಂಕಿಗೆ ಏಳು ಕಿಲೋ ಹತ್ತಿರ. ಗುರಿ 35 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ 35 ಭಾಗ ಉಪ್ಪು), ಅಂದರೆ 25 ಡಿಗ್ರಿಯಲ್ಲಿ 1.026 ಸಾಂದ್ರತೆ. ಅಳೆಯಲು ಮುಳ್ಳು ತೇಲುವ ಪ್ಲಾಸ್ಟಿಕ್ ಡಬ್ಬಿ ಬೇಡ, ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ. ಅದನ್ನೂ ಸಿಹಿನೀರಿನಲ್ಲಿ ಸೊನ್ನೆಗೆ ಹೊಂದಿಸಿ ಸುಮ್ಮನಾಗಬೇಡಿ. 35 ಪಿಪಿಟಿಯ ದ್ರಾವಣ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ, ಅದರಲ್ಲಿ ಹೊಂದಿಸಿ. ನಾನು ಕೆಲಸ ಮಾಡುವುದು ಮೆಡಿಕಲ್ ಲ್ಯಾಬಿನಲ್ಲಿ, ಗೊತ್ತಿರುವ ಸ್ಯಾಂಪಲ್ ಇಟ್ಟು ನೋಡದೆ ಯಾವ ಯಂತ್ರವನ್ನೂ ನಂಬುವ ಅಭ್ಯಾಸ ಇಲ್ಲ.

ಕಲ್ಲಿನ ವಿಷಯಕ್ಕೆ ಬಂದಾಗ ಮೊದಲ ಇಕ್ಕಟ್ಟು ಶುರುವಾಯಿತು. ಹೊರದೇಶದವರು "ಲೈವ್ ರಾಕ್" ಅಂತ ಬರೆಯುತ್ತಾರಲ್ಲ, ಅದು ಸಮುದ್ರದಿಂದ ತೆಗೆದ ಸತ್ತ ಹವಳದ ಬಂಡೆ, ಒಳಗೆಲ್ಲ ಬ್ಯಾಕ್ಟೀರಿಯಾ ಇರುವಂಥದ್ದು. ವಿಚಾರಿಸುತ್ತಿದ್ದೇನೆ ಅಂತ ಸುದ್ದಿ ಹೋದದ್ದೇ ತಡ, ಒಬ್ಬರು ಫೋನ್ ಮಾಡಿದರು. ಗೋಣಿಯಲ್ಲಿ ಇದೆ, ದ್ವೀಪದ ಕಡೆಯದ್ದು, ಕಿಲೋಗೆ ಇಷ್ಟು, ರಾತ್ರಿ ತಂದು ಇಳಿಸುತ್ತೇವೆ ಅಂದರು. ರಾತ್ರಿ ಯಾಕೆ ಅಂತ ಕೇಳಿದ್ದಕ್ಕೆ ಫೋನ್ ಇಟ್ಟರು.

ಕಾರಣ ಇದು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಹವಳಗಳನ್ನು ಸೇರಿಸಿದರು. ದಿಬ್ಬ ಕಟ್ಟುವ ಗಟ್ಟಿ ಹವಳಗಳು ಎಲ್ಲವೂ, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಸೀ ಫ್ಯಾನ್. ಹುಲಿ, ಆನೆ ಇರುವ ಪಟ್ಟಿಯೇ ಅದು. ಸಮುದ್ರ ಕುದುರೆಯೂ ಆ ಪಟ್ಟಿಯಲ್ಲಿದೆ. ಜೀವಂತ ಮಾತ್ರ ಅಲ್ಲ, ಸತ್ತ ತುಂಡೂ ಲೆಕ್ಕಕ್ಕೆ ಬರುತ್ತದೆ. ತಪ್ಪಾದರೆ ಮೂರರಿಂದ ಏಳು ವರ್ಷ ಜೈಲು. ನಮ್ಮ ಕಡೆ ಕೆಲವು ಮನೆಗಳ ಶೋಕೇಸಿನಲ್ಲಿ ಬಿಳಿ ಹವಳದ ತುಂಡು ಕಾಣುತ್ತದೆ, ಯಾರೋ ಯಾವಾಗಲೋ ತಂದುಕೊಟ್ಟದ್ದು, ಅದರ ಬಗ್ಗೆ ಯಾರೂ ತಲೆಕೆಡಿಸಿಕೊಂಡ ಹಾಗಿಲ್ಲ.

ಹಾಗಾಗಿ ಕಲ್ಲು ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಕಲ್ಲು, ಬಿಲ್ ಸಮೇತ. ನೋಡಲು ಸಪ್ಪೆ, ಬೆಲೆ ಜಾಸ್ತಿ. ಒಣ ಕಲ್ಲಿನಲ್ಲಿ ಜೀವ ಅಂತ ಒಂದೂ ಇರುವುದಿಲ್ಲ, ಆದ್ದರಿಂದ ಟ್ಯಾಂಕ್ ಪಕ್ವವಾಗಲು ತಿಂಗಳುಗಳು ಹಿಡಿಯುತ್ತವೆ. ಒಂದು ಲಾಭವೂ ಉಂಟು. ಬೇಡದ ಹುಳ, ಏಡಿ, ಪಾಚಿ ಕಲ್ಲಿನ ಜೊತೆ ಬರುವುದಿಲ್ಲ. ಮರಳು ಅರಗೊನೈಟ್ ಅನ್ನುವ ಸುಣ್ಣದ ಜಾತಿಯದ್ದು, ಅದೂ ಅಂಗಡಿಯದ್ದೇ. ನಮ್ಮ ಕಡಪ್ಪುರದ, ಅಂದರೆ ಕಡಲ ದಡದ, ಮರಳು ಬೇಡ.

ಆಮೇಲೆ ಸೈಕ್ಲಿಂಗ್. ಅಂದರೆ ಮೀನಿನ ಹೇಲು, ಉಳಿದ ತಿಂಡಿಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ಬೆಳೆಯುವವರೆಗೆ ಕಾಯುವುದು. ಮೊದಲೆಲ್ಲ ಇದಕ್ಕೆ ಒಂದು ಬಡಪಾಯಿ ಮೀನನ್ನು ಬಿಡುತ್ತಿದ್ದರು. ಅದರ ಅಗತ್ಯ ಇಲ್ಲ. ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಅಮೋನಿಯಂ ಕ್ಲೋರೈಡ್ ಸಿಗುತ್ತದೆ. ಕಲಾಯಿ ಹಾಕುವವರು ಬಳಸುವ ನವಸಾಗರವೇ, ಆದರೆ ಶುದ್ಧವಾದದ್ದು ಬೇಕು. ನನ್ನ ಟ್ಯಾಂಕಿನಲ್ಲಿ ಕಲ್ಲು ಮರಳು ಕಳೆದು ಉಳಿದ ನೀರಿಗೆ ಒಂದು ಗ್ರಾಂ ಚಿಲ್ಲರೆ ಹಾಕಿದರೆ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷದಲ್ಲಿ ಎರಡು ಭಾಗ) ಹತ್ತಿರ ಬರುತ್ತದೆ. ಜೊತೆಗೆ ಬಾಟಲಿ ಬ್ಯಾಕ್ಟೀರಿಯಾ. ಆಮೇಲೆ ದಿನಾ ಸಂಜೆ ಲ್ಯಾಬಿನಿಂದ ಬಂದು ಮತ್ತೆ ಟೆಸ್ಟ್ ಟ್ಯೂಬ್ ಹಿಡಿಯುವುದು. ಹಗಲೆಲ್ಲ ಅದೇ ಕೆಲಸ, ರಾತ್ರಿಯೂ ಅದೇ.

ಈ ಕಾಯುವಿಕೆ ಹೇಗಿರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು. ವಾರಗಟ್ಟಲೆ ಏನೂ ಆಗುವುದಿಲ್ಲ. ನೀರು ತಿರುಗುತ್ತದೆ, ಕಲ್ಲು ಕೂತಿರುತ್ತದೆ. ನೆಂಟರು ಬಂದು ಮೀನು ಹುಡುಕುತ್ತಾರೆ. "ಯಾವುದೋ ಒಂದು ಬಿಡಿ, ಸಾಯುವುದಾದರೆ ಸಾಯಲಿ" ಅಂತ ಸಲಹೆ ಕೊಡುತ್ತಾರೆ. ನಾಲ್ಕರಿಂದ ಆರು ವಾರ ಅಂತ ಸಾಮಾನ್ಯ ಲೆಕ್ಕ. ಅಮೋನಿಯಾ ಹಾಕಿದ ಮರುದಿನವೇ ಅಮೋನಿಯಾನೂ ನೈಟ್ರೈಟೂ ಎರಡೂ ಸೊನ್ನೆ ಬರಬೇಕು, ಆಗ ಮುಗಿಯಿತು ಅಂತ ಅರ್ಥ. ನಂತರ ಕಂದು ಬಣ್ಣದ ಧೂಳಿನ ಹಾಗೆ ಡಯಾಟಮ್ ಪಾಚಿ ಎಲ್ಲಾ ಕಡೆ ಹರಡಿತು. ಹೊಸ ಟ್ಯಾಂಕಿನಲ್ಲಿ ಇದು ಬಂದೇ ಬರುತ್ತದೆ. ಗ್ಲಾಸು ಮಾತ್ರ ಒರೆಸಿ, ಉಳಿದದ್ದು ತಾನಾಗಿ ಹೋಗುತ್ತದೆ. ಪಾಚಿಗೆ ಅಂತ ಮದ್ದು ಮಾತ್ರ ಹಾಕಬೇಡಿ.

ಇದರ ನಡುವೆ ಮಾರ್ಚ್ ಬಂತು. ಬಿಸಿ.

ಹವಳಕ್ಕೆ 25ರಿಂದ 27 ಡಿಗ್ರಿ ಹಿತ. ಒಂದೆರಡು ಡಿಗ್ರಿ ಜಾಸ್ತಿಯಾಗಿ ಹಾಗೇ ವಾರಗಟ್ಟಲೆ ಉಳಿದರೆ ಅದು ತನ್ನ ಮೈಯೊಳಗೆ ಬದುಕುವ, ತನಗೆ ಊಟ ತಯಾರಿಸಿ ಕೊಡುವ ಪಾಚಿಯನ್ನೇ ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಆದದ್ದು ಅದೇ. ಅಷ್ಟು ದೊಡ್ಡ ಸಮುದ್ರದಲ್ಲೇ ಹಾಗಾದರೆ 190 ಲೀಟರಿನ ಗತಿ ಏನು? ನಮ್ಮ ಮನೆಯೊಳಗೆ ಏಪ್ರಿಲಿನಲ್ಲಿ ನೀರು 31 ಮುಟ್ಟಿತು. ಲೈಟು, ಪಂಪು ಕೂಡ ಬಿಸಿ ಸೇರಿಸುತ್ತವೆ.

ನೀರಿನ ಮೇಲೆ ಫ್ಯಾನ್ ಇಟ್ಟರೆ ಸಾಕು ಅಂತ ಹಲವರು ಹೇಳುತ್ತಾರೆ. ಬೆಂಗಳೂರಿನಲ್ಲಿ ಸಾಕು. ಫ್ಯಾನ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ನಮ್ಮ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಇನ್ನೆಲ್ಲಿ ಆವಿಯಾಗುವುದು? ಎರಡು ಡಿಗ್ರಿ ಇಳಿಯಿತು, ಅಷ್ಟೆ. ಮತ್ತೆ ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಖಾಲಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟಕ್ಕೆ ಸಿಹಿನೀರು ಹಾಕಬೇಕು, ಉಪ್ಪುನೀರಲ್ಲ. ನಾನು ಬೆಳಗ್ಗೆ ಕಾಸರಗೋಡಿಗೆ ಬಸ್ಸು ಹತ್ತಿದರೆ ಸಂಜೆಯೇ ಬರುವುದು, ಆದ್ದರಿಂದ ನೀರಿನ ಮಟ್ಟ ನೋಡಿ ತಾನೇ ತುಂಬಿಸುವ ಎಟಿಓ ಹಾಕಿದೆ. ಸಣ್ಣ ಖರ್ಚು, ದೊಡ್ಡ ನೆಮ್ಮದಿ.

ಕೊನೆಗೆ ಚಿಲ್ಲರ್ ಕೊಂಡೆ, ಕಾಲು ಎಚ್‌ಪಿಯದ್ದು. ಅದಕ್ಕೇ ಇಪ್ಪತ್ತು ಸಾವಿರದ ಮೇಲೆ ಹೋಯಿತು. ಒಂದು ವಿಷಯ ನೆನಪಿಡಿ. ಅದು ಟ್ಯಾಂಕಿನ ಬಿಸಿಯನ್ನು ತೆಗೆದು ಕೋಣೆಗೆ ಬಿಡುತ್ತದೆ. ಸ್ಟ್ಯಾಂಡಿನ ಒಳಗೆ ಬಾಗಿಲು ಮುಚ್ಚಿ ಇಟ್ಟರೆ ತನ್ನ ಬಿಸಿಯನ್ನು ತಾನೇ ಎಳೆದುಕೊಂಡು ನಿಲ್ಲದೆ ಓಡುತ್ತದೆ. ನಾವು ಗೋಡೆ ಕೊರೆದು ಪೈಪನ್ನು ಹೊರಗಿನ ಜಗಲಿಗೆ ಎಳೆದು ಚಿಲ್ಲರನ್ನು ಅಲ್ಲಿ ಕೂರಿಸಿದೆವು. ಮಳೆ ಎರಚಲು ಬೀಳದ ಹಾಗೆ ತಗಡಿನ ಮಾಡು.

ಕರೆಂಟಿನ ಲೆಕ್ಕ ಟ್ಯಾಂಕ್ ಕೊಳ್ಳುವ ಮೊದಲೇ ಹಾಕಿ. ಬೇಸಿಗೆಯಲ್ಲಿ ಚಿಲ್ಲರ್, ಲೈಟು, ಪಂಪು ಎಲ್ಲ ಸೇರಿ ನನಗೆ ದಿನಕ್ಕೆ ಐದು ಯೂನಿಟ್ ಹತ್ತಿರ. ಅಂದರೆ ತಿಂಗಳಿಗೆ 150. ಕೇರಳದಲ್ಲಿ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್ ಒಳಗಿದ್ದರೆ ದರ ಹಂತ ಹಂತವಾಗಿ ಏರುತ್ತದೆ. ಅದನ್ನು ದಾಟಿದರೆ ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ ದೊಡ್ಡ ದರ. ಮನೆಯಲ್ಲಿ ಫ್ರಿಜ್, ವಾಷಿಂಗ್ ಮೆಷಿನ್, ಒಂದು ಎಸಿ ಇದ್ದರೆ ಈ ಟ್ಯಾಂಕ್ ನಿಮ್ಮನ್ನು ಗೆರೆ ದಾಟಿಸುವುದು ಖಂಡಿತ. ನಾವು ಎಸಿ ಬಿಟ್ಟೆವು. ಮೀನಿಗೆ 26 ಡಿಗ್ರಿ, ನಮಗೆ ಸೀಲಿಂಗ್ ಫ್ಯಾನ್.

ಮಳೆ ಶುರುವಾದ ಮೇಲೆ ಒಂದು ರಾತ್ರಿ ಎರಡು ಗಂಟೆಗೆ ಇಡೀ ಮನೆಯ ಕರೆಂಟು ಹೋಯಿತು. ಬೀದಿಯಲ್ಲಿ ದೀಪ ಇದೆ, ನಮ್ಮಲ್ಲಿ ಮಾತ್ರ ಇಲ್ಲ. ಕರೆಂಟು ಸೋರಿದರೆ ತಾನೇ ಆಫ್ ಆಗುವ ಇಎಲ್‌ಸಿಬಿ ಬಿದ್ದಿದೆ. ಎತ್ತಿದರೆ ಮತ್ತೆ ಟಪ್ ಅಂತ ಬೀಳುತ್ತದೆ. ಒಂದೊಂದೇ ಪ್ಲಗ್ ಕಿತ್ತು ನೋಡಿದರೆ ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ಒಂದು ವೇವ್‌ಮೇಕರಿನ ವಯರಿನಲ್ಲಿ ಕೂದಲೆಳೆಯ ಬಿರುಕು. ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ, ಇಎಲ್‌ಸಿಬಿ ಇಲ್ಲದಿದ್ದರೆ ಬೆಳಗ್ಗೆ ಕೈ ಹಾಕಿದ ನನ್ನ ಗತಿ ಯೋಚಿಸಲಿಕ್ಕೂ ಹೆದರಿಕೆ. ಇಲೆಕ್ಟ್ರಿಷನ್ ಬಂದು ಟ್ಯಾಂಕಿಗೆ ಬೇರೆ ಲೈನ್ ಎಳೆದು ಅದಕ್ಕೇ ಅದೇ ಕೆಲಸ ಮಾಡುವ ಒಂದು ಆರ್‌ಸಿಬಿಓ ಹಾಕಿಕೊಟ್ಟರು. ಈಗ ಟ್ಯಾಂಕಿನ ತೊಂದರೆಗೆ ಫ್ರಿಜ್ ಆರುವುದಿಲ್ಲ. ವಯರುಗಳೆಲ್ಲ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರುವ ಹಾಗೆ ಇಡಿ, ವಯರಿನ ಮೇಲೆ ಹರಿದು ಬಂದ ನೀರು ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕಲಿ.

ಮಾಮೂಲಿ ಕರೆಂಟು ಹೋದಾಗ ಮೊದಲು ಬೇಕಾದ್ದು ಆಮ್ಲಜನಕ. ತಂಪು ಆಮೇಲೆ. ಒಂದು ವೇವ್‌ಮೇಕರ್ ಮಾತ್ರ ಮನೆಯ ಇನ್ವರ್ಟರಿಗೆ ಕೊಟ್ಟಿದ್ದೇನೆ. ಅದು ತಿನ್ನುವುದು ಸಣ್ಣ ಬಲ್ಬಿನಷ್ಟು, ರಾತ್ರಿಯೆಲ್ಲ ಓಡುತ್ತದೆ. ಚಿಲ್ಲರನ್ನು ಇನ್ವರ್ಟರಿಗೆ ಕೊಡಬೇಡಿ. ಇನ್ನೊಂದು, ಕರೆಂಟು ಹೋದಾಗ ಮೇಲಿನ ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಸಂಪಿಗೆ ಇಳಿಯುತ್ತದೆ. ಮೇಲಿನ ಪೈಪಿನಲ್ಲಿ ನೀರಿನ ಮಟ್ಟದ ಹತ್ತಿರ ಒಂದು ಸಣ್ಣ ತೂತು ಇದ್ದರೆ ಗಾಳಿ ಎಳೆದು ನಿಲ್ಲುತ್ತದೆ. ಮೀನು ಬಿಡುವ ಮೊದಲು ನೀವೇ ಸ್ವಿಚ್ ಆಫ್ ಮಾಡಿ, ಸಂಪು ತುಂಬಿ ಹೊರಗೆ ಚೆಲ್ಲುತ್ತದಾ ನೋಡಿ. ಆ ತೂತಿನಲ್ಲಿ ಪಾಚಿ ಕಟ್ಟಿದೆಯಾ ಅಂತಲೂ ಆಗಾಗ ನೋಡುತ್ತಿರಿ.

ಮೀನು ಬಂದದ್ದು ಜೂನಿನಲ್ಲಿ. ಕ್ಲೌನ್ ಮೀನನ್ನು ಸಮುದ್ರದಿಂದ ಹಿಡಿಯಬೇಕಾಗಿಲ್ಲ, ನಮ್ಮ ದೇಶದಲ್ಲೇ ಮರಿ ಮಾಡಿಸುತ್ತಾರೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಇದರ ತಂತ್ರವನ್ನು ವರ್ಷಗಳ ಹಿಂದೆಯೇ ರೂಪಿಸಿದೆ. ಮೊಟ್ಟೆಯಿಂದ ಸಾಕಿದ ಮೀನು ಟ್ಯಾಂಕಿನಲ್ಲೇ ಹುಟ್ಟಿ ಬೆಳೆದದ್ದು, ಒಣ ಕಾಳು ತಿನ್ನುತ್ತದೆ, ರೋಗವೂ ಕಡಿಮೆ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಕೇಳಿ ತೆಗೆದುಕೊಳ್ಳಿ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತರ್ಮಾಕೋಲ್ ಪೆಟ್ಟಿಗೆ ಹೊರಟಿತು. ಘಾಟಿಯಲ್ಲಿ ಮರ ಬಿದ್ದು ಬಸ್ಸುಗಳೆಲ್ಲ ಸಾಲಾಗಿ ನಿಂತವು. ಬೆಳಗ್ಗೆ ಬರಬೇಕಾದ ಪೆಟ್ಟಿಗೆ ಮಧ್ಯಾಹ್ನ ದಾಟಿದರೂ ಇಲ್ಲ. ನಾನು ರಜೆ ಹಾಕಿ ಬಸ್‌ಸ್ಟಾಂಡಿನ ಬೆಂಚಿನಲ್ಲಿ ಕೂತೆ. ಕಂಡಕ್ಟರ್ ಫೋನಿನಲ್ಲಿ "ನಿಮ್ಮ ಮೀನು ಇನ್ನೂ ಸಕಲೇಶಪುರದಲ್ಲಿದೆ ಮೇಡಂ, ನಾವೂ ಅಲ್ಲೇ ಇದ್ದೇವೆ" ಅಂದರು. ಪಾಪ, ಅವರ ಊಟವೂ ಆಗಿರಲಿಲ್ಲ.

ಇಲ್ಲಿ ಒಂದು ಮುಖ್ಯ ವಿಷಯ. ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಾದರೆ ಸಣ್ಣ ಟ್ಯೂಬಿನಿಂದ ತೊಟ್ಟು ತೊಟ್ಟಾಗಿ ನೀರು ಬಿಟ್ಟು ನಿಧಾನಕ್ಕೆ ಒಗ್ಗಿಸಬಹುದು. ತುಂಬಾ ಹೊತ್ತು ಚೀಲದಲ್ಲಿದ್ದ ಮೀನಿಗೆ ಅದು ಅಪಾಯ. ಚೀಲದೊಳಗೆ ಮೀನು ಉಸಿರು ಬಿಟ್ಟು ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅಮೋನಿಯಾ ಇದ್ದರೂ ಅಷ್ಟು ವಿಷವಲ್ಲದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಆ ಇಂಗಾಲದ ಡೈಆಕ್ಸೈಡ್ ಹೊರಟು ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ಕಳಿಸುವವರ ಹತ್ತಿರ ಅವರ ನೀರಿನ ಉಪ್ಪು ಎಷ್ಟು ಅಂತ ಮೊದಲೇ ಕೇಳಿ, ಹೊಸ ಮೀನನ್ನು ಮೊದಲು ಇಡುವ ಪ್ರತ್ಯೇಕ ಟ್ಯಾಂಕಿನ ನೀರನ್ನು ಅಷ್ಟಕ್ಕೇ ಹೊಂದಿಸಿಡಿ. ಮುಚ್ಚಿದ ಚೀಲವನ್ನು ತೇಲಿಸಿ ಬಿಸಿ ಸಮ ಮಾಡಿ, ಬಿಚ್ಚಿದ ತಕ್ಷಣ ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ಚೆಲ್ಲಿ. ಸಂಜೆ ಪೆಟ್ಟಿಗೆ ಬಂದಾಗ ನೀರು ಹಳದಿಯಾಗಿತ್ತು, ಎರಡೂ ಮೀನು ತಳದಲ್ಲಿ ವಾಲಿಕೊಂಡು ಉಸಿರು ಎಳೆಯುತ್ತಿದ್ದವು. ಹೀಗೆ ಮಾಡಿದ್ದಕ್ಕೇ ಬದುಕಿದವು ಅಂತ ನನ್ನ ನಂಬಿಕೆ. ಮರುದಿನ ಬೆಳಗ್ಗೆ ತಿಂಡಿ ಕೇಳಿಕೊಂಡು ಗ್ಲಾಸಿನ ಹತ್ತಿರ ಬಂದವು.

ಪ್ರತ್ಯೇಕ ಟ್ಯಾಂಕ್ ಯಾಕೆ ಅಂದರೆ, ಬಿಳಿ ಚುಕ್ಕೆ ರೋಗ ಬಂದರೆ ಅದಕ್ಕೆ ತಾಮ್ರದ ಮದ್ದು ಕೊಡುತ್ತಾರೆ. ಹವಳ ಇಡುವ ಟ್ಯಾಂಕಿಗೆ ತಾಮ್ರ ಹಾಕುವ ಹಾಗಿಲ್ಲ. ರೋಗ ದೊಡ್ಡ ಟ್ಯಾಂಕಿಗೆ ಹೊಕ್ಕರೆ ಮೀನನ್ನೆಲ್ಲ ಹೊರಗೆ ತೆಗೆದು ಎರಡೂವರೆ ತಿಂಗಳು ಖಾಲಿ ಬಿಡಬೇಕಾಗುತ್ತದೆ. ಹಳೇ ಸಣ್ಣ ಗ್ಲಾಸ್ ಟ್ಯಾಂಕು, ಅಡಗಲು ಒಂದು ಪಿವಿಸಿ ಪೈಪಿನ ತುಂಡು, ಒಂದು ಸ್ಪಾಂಜ್ ಫಿಲ್ಟರ್, ಇಷ್ಟು ಸಾಕು. ನಮ್ಮವು ಒಂದು ತಿಂಗಳು ಅದರಲ್ಲೇ ಇದ್ದವು.

ಇನ್ನು ಹವಳದ ಕಾಗದ. ನಿಜವಾಗಿ ಸುಸ್ತಾದದ್ದು ಇಲ್ಲೇ.

ಅಂಗಡಿಗಳಲ್ಲಿ ಹ್ಯಾಮರ್, ಟಾರ್ಚ್, ಅಕ್ರೋಪೊರಾ ಅನ್ನುವ ಹವಳಗಳನ್ನೆಲ್ಲ ತೋರಿಸುತ್ತಾರೆ. ಬಣ್ಣ ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಕಾನೂನಿನ ಬಗ್ಗೆ ಕೇಳಿದರೆ "ಇದು ವಿದೇಶದ್ದು, ಕೃಷಿ ಮಾಡಿದ್ದು, ತೊಂದರೆ ಇಲ್ಲ" ಅನ್ನುತ್ತಾರೆ. ಬಿಲ್ಲಿನಲ್ಲಿ ಮಾತ್ರ "ಅಕ್ವೇರಿಯಂ ಸಾಮಗ್ರಿ" ಅಂತ ಇರುತ್ತದೆ. ಈ ಮೂರೂ ಗಟ್ಟಿ ಹವಳದ ಜಾತಿಯವು. ನಮ್ಮ ಪಟ್ಟಿಯಲ್ಲಿ ಗಟ್ಟಿ ಹವಳ "ಎಲ್ಲವೂ" ಅಂತಲೇ ಬರೆದಿದೆ. ಅಳಿವಿನ ಅಪಾಯದ ಜೀವಿಗಳ ವ್ಯಾಪಾರದ ಮೇಲಿನ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲೂ ಗಟ್ಟಿ ಹವಳಗಳೆಲ್ಲ ಇವೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಸೈಟಿಸ್ ಜೀವಿಗಳಿಗೂ ನಮ್ಮ ಕಾಯ್ದೆಯಲ್ಲೇ ಬೇರೆ ಪಟ್ಟಿ ಇದೆ, ಅವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು ಅಂತ 2024ರಲ್ಲಿ ನಿಯಮವೂ ಬಂತು. ಹಾಗಿರುವಾಗ ವಿದೇಶದ್ದು ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅನ್ನುವುದು ಹೇಗೆ?

ಉಳಿದದ್ದು ಮೆದು ಜಾತಿಗಳು. ಮಶ್ರೂಮ್, ಜೊವಾಂಥಿಡ್, ಲೆದರ್, ಜೀನಿಯಾ. ಇವುಗಳ ಹೆಸರು ಮೊದಲ ಪಟ್ಟಿಯಲ್ಲಿ ನನಗೆ ಕಾಣಲಿಲ್ಲ, ಸೈಟಿಸ್‌ನಲ್ಲೂ ಇಲ್ಲ. ಆದರೂ ಒಂದು ಕಾಗದ ಕೈಯಲ್ಲಿದ್ದರೆ ಒಳ್ಳೆಯದಲ್ವಾ ಅಂತ ಅರಣ್ಯದವರ ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆದುಕೊಂಡು ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿದರು. ಅರ್ಜಿಯನ್ನು ಎರಡೆರಡು ಸಲ ಓದಿದರು. "ಇದು ಮೀನುಗಾರಿಕೆಯವರದ್ದಲ್ವಾ?" ಅಂದರು. ಮೀನುಗಾರಿಕೆಯ ಕಡೆ ಹೋದರೆ "ಹವಳ ಅಂದರೆ ಅರಣ್ಯ" ಅಂದರು. ಮತ್ತೆ ವಾಪಸ್. ಕೆಲವು ವಾರ ಕಳೆದು ಬನ್ನಿ ಅಂದರು. ಹೋದೆ. ಕೊನೆಗೆ ಒಬ್ಬ ಹಿರಿಯ ಅಧಿಕಾರಿ ಸಿಕ್ಕಿ ಬಿಡಿಸಿ ಹೇಳಿದರು. "ಪಟ್ಟಿಯಲ್ಲಿ ಇರುವುದಕ್ಕೆ ಅನುಮತಿ ಕೇಳಬಹುದು, ಇಲ್ಲದ್ದಕ್ಕೆ ನಾನು ಯಾವ ಕಾಗದ ಕೊಡಲಿ ಟೀಚರೇ? ಆದರೆ ನಿಮ್ಮದು ಇಂಥದ್ದೇ ಅಂತ ತೋರಿಸಲು ನಿಮ್ಮ ಹತ್ತಿರ ಏನಾದರೂ ಇರಲಿ." ನನ್ನನ್ನು ಟೀಚರ್ ಅಂತ ಯಾಕೆ ಕರೆದರೋ, ಅಕ್ಷರ ದುಂಡಗಿದ್ದದ್ದಕ್ಕೆ ಇರಬೇಕು.

ಅವರು ಹೇಳಿದ್ದು ಸರಿಯೇ. ಹಾಗಾಗಿ ನಾನೇ ಒಂದು ಫೈಲ್ ಮಾಡಿದೆ. ಜೀವಿಯ ವೈಜ್ಞಾನಿಕ ಹೆಸರು ಬರೆದ ಬಿಲ್, ಮಾರಿದವರ ಜಿಎಸ್‌ಟಿ ನಂಬರ್, ಟ್ಯಾಂಕಿನಲ್ಲಿ ಬೆಳೆಸಿ ತುಂಡು ಮಾಡಿದ್ದು ಅಂತ ಅವರ ಸಹಿ ಇರುವ ಪತ್ರ, ಬಂದ ದಿನದ ಫೋಟೋ. ಹವಳ ಸೆರಾಮಿಕ್ ಬಿಲ್ಲೆಯ ಮೇಲೆ ಕೂತಿರಬೇಕು, ಸಮುದ್ರದ ಕಲ್ಲಿನ ಚೂರಿನ ಮೇಲಲ್ಲ. ಆ ಚೂರೇ ಗಟ್ಟಿ ಹವಳದ್ದಾಗಿದ್ದರೆ ಮತ್ತೆ ಮೊದಲ ಪಟ್ಟಿಗೆ ಬಂದಿರಿ. ಇಷ್ಟೆಲ್ಲ ಕೇಳಿದಾಗ ಹಲವು ಅಂಗಡಿಯವರು ಉತ್ತರ ಕೊಡುವುದನ್ನೇ ನಿಲ್ಲಿಸಿದರು. ಒಬ್ಬರು ಮಾತ್ರ ಎಲ್ಲ ಬರೆದು ಕೊಟ್ಟರು. ಅವರ ಹತ್ತಿರ ಇದ್ದದ್ದು ಎರಡೇ ಬಗೆ. ಅದರಲ್ಲಿ ಒಂದು ಈ ಮಶ್ರೂಮ್. ಅಕ್ಟೋಬರಿನಲ್ಲಿ ಬಂತು.

ಬಂದ ದಿನ ಮುದುಡಿದ ಒಂದು ಗುಂಡಿ ಅಷ್ಟೆ. ಲೈಟನ್ನು ಕಾಲು ಭಾಗಕ್ಕೆ ಇಳಿಸಿ, ಅಲೆ ನೇರ ಹೊಡೆಯದ ಜಾಗದಲ್ಲಿ ಇಟ್ಟೆ. ಮೂರನೇ ದಿನ ಅಂಚು ಬಿಡಿಸಿತು. ಹತ್ತಿರದಿಂದ ನೋಡಿದರೆ ನೀಲಿ ಮೈ ಮೇಲೆ ಕೆಂಪು ಚುಕ್ಕೆ, ನಡುವೆ ಸಣ್ಣ ಬಾಯಿ. ದೊಡ್ಡ ಕ್ಲೌನ್ ಮೀನು ಅದನ್ನು ಮೂಗಿನಿಂದ ಒತ್ತಿ ನೋಡಿತು, ಅದು ಥಟ್ಟನೆ ಮುದುಡಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಡಿಸಿತು. ಎರಡು ಕ್ಲೌನ್‌ಗಳಲ್ಲಿ ದೊಡ್ಡದಾಗುವುದೇ ಹೆಣ್ಣು, ಯಜಮಾನಿಕೆ ಅವಳದ್ದು. ಅತ್ತೆಗೆ ಇದನ್ನು ಹೇಳಿದ ಮೇಲೆ ಅವರು ದಿನಾ ಬೆಳಗ್ಗೆ ಟ್ಯಾಂಕಿನ ಹತ್ತಿರ ಕುರ್ಚಿ ಹಾಕಿ ಕೂರುತ್ತಾರೆ.

ಖರ್ಚಿನ ಬಗ್ಗೆ ಒಂದು ಅಂದಾಜು. ಗ್ಲಾಸು, ಸಂಪು, ಸ್ಟ್ಯಾಂಡಿಗೆ ಇಪ್ಪತ್ತು ಸಾವಿರದ ಹತ್ತಿರ. ಚಿಲ್ಲರ್ ಆಗಲೇ ಹೇಳಿದೆ. ಲೈಟಿಗೆ ಹನ್ನೆರಡು ಸಾವಿರ, ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರಿಗೆ ಹತ್ತು, ಪಂಪುಗಳಿಗೆ ಹತ್ತು, ಆರ್‌ಓ ಡಿಐಗೆ ಎಂಟು, ಉಪ್ಪು, ಕಲ್ಲು, ಮರಳಿಗೆ ಹದಿನೈದು ಹದಿನಾರು. ಟೆಸ್ಟ್ ಕಿಟ್ಟುಗಳು, ಎಲೆಕ್ಟ್ರಿಷನ್, ಪ್ಲಂಬರ್ ಸೇರಿ ಲಕ್ಷ ದಾಟಿತು. ಮೀನಿಗೆ ಆದದ್ದು ಇದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕಡಿಮೆ ದುಡ್ಡಿದ್ದರೆ ಸ್ಕಿಮ್ಮರನ್ನು ಮುಂದೂಡಿ, ನೀರು ಜಾಸ್ತಿ ಬದಲಿಸಿ ಸುಧಾರಿಸಬಹುದು. ಆರ್‌ಓ ಡಿಐ, ಟೆಸ್ಟ್ ಕಿಟ್, ನಮ್ಮ ಕರಾವಳಿಯಲ್ಲಾದರೆ ಚಿಲ್ಲರ್, ಈ ಮೂರರಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಮೀನು ಮಾತ್ರ ಸಾಕು, ಹವಳ ಬೇಡ ಅನ್ನುವವರಿಗೆ ಚಿಲ್ಲರ್ ಇಲ್ಲದೆಯೂ ನಡೆಯುತ್ತದೆ, 29 ಡಿಗ್ರಿಯಲ್ಲಿ ಕ್ಲೌನ್ ಆರಾಮವಾಗಿರುತ್ತದೆ.

ಈಗ ನೈಟ್ರೇಟ್ 5ರಿಂದ 10 ಪಿಪಿಎಂ ನಡುವೆ ಇದೆ, ಕ್ಷಾರತೆ 8 ಡಿಕೆಎಚ್. ಮೆದು ಹವಳಕ್ಕೆ ಇಷ್ಟು ಧಾರಾಳ. ಮುಂದಿನದ್ದು ಜೊವಾಂಥಿಡ್, ಅದೇ ಅಂಗಡಿಗೆ ಹೇಳಿಟ್ಟಿದ್ದೇನೆ. ಅದನ್ನು ತರಿಸುವವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಕೆಲವದರ ಮೈಯಲ್ಲಿ ಪಾಲಿಟಾಕ್ಸಿನ್ ಅನ್ನುವ ಕಡು ವಿಷ ಇರುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ, ತುಂಡು ಮಾಡುವಾಗ ಕಣ್ಣಿಗೆ ಕನ್ನಡಕ ಹಾಕಿ, ಗಾಯ ಇರುವ ಕೈಯನ್ನು ನೀರಿಗೆ ಹಾಕಬೇಡಿ. ಅದು ಕೂತಿದ್ದ ಕಲ್ಲನ್ನು ಸ್ವಚ್ಛ ಮಾಡುತ್ತೇನೆ ಅಂತ ಬಿಸಿನೀರಿಗೆ ಹಾಕಿ ಕುದಿಸುವುದಂತೂ ಬೇಡವೇ ಬೇಡ, ಆ ಹಬೆ ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ. ಟ್ಯಾಂಕಿನ ಬಕೆಟ್ಟು, ಬ್ರಷ್ಷು, ಮಗ್ಗು ಎಲ್ಲದಕ್ಕೂ ಕೆಂಪು ಟೇಪ್ ಸುತ್ತಿ ಬೇರೆ ಇಟ್ಟಿದ್ದೇನೆ, ಅಡಿಗೆ ಮನೆಗೆ ಹೋಗದ ಹಾಗೆ.